ಮಗನ ಕೈಯ ಮಂಡಿ

ಹೊಸೂರು ಪಕ್ಕದ ಬಾಗಲೂರಿನ ಆದಿಲಕ್ಷ್ಮಮ್ಮನ ಹಟ ಬೀದಿಗೆಲ್ಲ ಗೊತ್ತಿದ್ದದ್ದೇ. ತನ್ನ ಸವೆದ ಕಾಲಿಗೆ ಹೊಸ ಮಂಡಿ ಹಾಕಿಸುವುದಾದರೆ ಅದು ಮಗ ಸುಬ್ರಮಣಿಯ ಕೈಯಲ್ಲಿ ಹೊಳಪು ಕಂಡ ಮಂಡಿಯೇ ಆಗಬೇಕು, ಇಲ್ಲವಾದರೆ ಹೀಗೇ ತೆವಳಿಕೊಂಡು ಮಣ್ಣಿಗೆ ಹೋಗುತ್ತೇನೆ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳುವ ಬಾಯಿಗೆ ಏನು ಭಾರ? ಭಾರವೆಲ್ಲ ಎತ್ತುವವರಿಗೆ. ಎತ್ತುವವಳು ಸೊಸೆ ಭಾಗ್ಯಲಕ್ಷ್ಮಿ.

ಬೆಳಗಾದರೆ ಒಲೆಗಿಂತ ಮುಂಚೆ ಅತ್ತೆ. ಚಾಪೆಯ ಪಕ್ಕ ಎಡಮಂಡಿ ನೆಲಕ್ಕೂರಿ ಕೂತು, ಮುದುಕಿಯ ಎರಡೂ ಕೈ ತನ್ನ ಕುತ್ತಿಗೆಗೆ ಹಾಕಿಸಿಕೊಂಡು, ಉಸಿರು ಬಿಗಿಹಿಡಿದು ಏಳಬೇಕು. ಹಾಗೆಯೇ ಅಪ್ಪಿಕೊಂಡು ಹಿತ್ತಿಲ ಕಕ್ಕಸಿನವರೆಗೆ ಸರಿಯಬೇಕು. ಮುದುಕಿಯದು ಮುದ್ದೆ ತಿಂದು ಬೆಳೆದ ಗಟ್ಟಿ ಮೈ, ಕಾಲು ಸೋತರೂ ತೂಕ ಸೋತಿರಲಿಲ್ಲ. ಆಮೇಲೆ ಅಡುಗೆ, ಗಂಡನ ಡಬ್ಬಿ, ಮಗಳು ಶಶಿಯ ಡಬ್ಬಿ. ಒಂದು ಕಾಲಕ್ಕೆ ಭಾಗ್ಯಳಿಗೂ ಒಂದು ಡಬ್ಬಿ ಇತ್ತು. ಊರಾಚೆಯ ಗುಲಾಬಿ ಶೆಡ್ಡಿನಲ್ಲಿ ಕಡ್ಡಿಯ ಉದ್ದ ನೋಡಿ ಹೂವು ವಿಂಗಡಿಸಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಅತ್ತೆ ಏಳಲಾರದಂತಾದ ಮೇಲೆ ಆ ಡಬ್ಬಿ ಅಟ್ಟ ಸೇರಿತು. ಅತ್ತೆ ತನ್ನ ಕಾಲ ಮೇಲೆ ತಾನು ನಿಂತರೆ ಡಬ್ಬಿ ಕೆಳಗಿಳಿಯುತ್ತದೆ ಎಂಬುದೊಂದೇ ಭಾಗ್ಯಳ ಆಸೆ. ದೊಡ್ಡ ಆಸೆಯೇನಲ್ಲ ಬಿಡಿ, ಆದರೆ ಅವಳಿಗೆ ಇದ್ದದ್ದು ಅದೊಂದೇ.

ಸುಬ್ರಮಣಿ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಬಡಾವಣೆಯಲ್ಲಿ, ಜನ ಮಂಡಿ ಕಂಪನಿ ಎಂದು ಕರೆಯುವ ಕಾರ್ಖಾನೆಯಲ್ಲಿ ಪಾಲಿಶ್ ಸೆಕ್ಷನ್ನಿನವನು. ಮಂಡಿ ಆಪರೇಷನ್ನಿನಲ್ಲಿ ತೊಡೆಮೂಳೆಯ ತುದಿಗೆ ಟೋಪಿಯ ಹಾಗೆ ಕೂರಿಸುವ ಲೋಹದ ತುಂಡು ಅವನ ಕೈಗೆ ಮಂಕಾಗಿ ಬಂದು ಕನ್ನಡಿಯಾಗಿ ಹೋಗುತ್ತಿತ್ತು. ಬ್ರೇಕು, ಲಾರಿಯ ಭಾಗ ಮಾಡುವ ಕಾರ್ಖಾನೆಗಳಲ್ಲಿದ್ದ ನೆಂಟರ ಮುಂದೆ ಅವನಿಗೆ ಸ್ವಲ್ಪ ಗತ್ತು. ನಿಮ್ಮ ಮಾಲು ರಸ್ತೆಯ ಮೇಲೆ ಓಡುತ್ತದೆ, ನನ್ನದು ಮನುಷ್ಯರ ಮೈಯೊಳಗೆ ಓಡಾಡುತ್ತದೆ ಎನ್ನುತ್ತಿದ್ದ.

ಈ ಗತ್ತೇ ಮನೆಗೆ ಮುಳುವಾಯಿತು. ಎರಡು ವರ್ಷದ ಹಿಂದೆ ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ವಿಮೆ ಕಾರ್ಡಿನ ಮೇಲೆ ಆದಿಲಕ್ಷ್ಮಮ್ಮನಿಗೆ ಆಪರೇಷನ್ನಿನ ದಿನ ಗೊತ್ತುಮಾಡಿ ಕೊಟ್ಟಿದ್ದರು. ಭಾಗ್ಯ ಎರಡು ಸೀರೆ, ಚೊಂಬು, ಹೊದಿಕೆ ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಳು. ಸಾಯಂಕಾಲ ಬಂದ ಸುಬ್ರಮಣಿ ಅಲ್ಲಿ ಹಾಕುವುದು ಯಾವ ಕಂಪನಿಯ ಮಂಡಿ ಎಂದು ಕೇಳಿದ. ತನ್ನ ಕಂಪನಿಯದಲ್ಲ ಎಂದು ಗೊತ್ತಾದದ್ದೇ ಮುಖ ಬಿಗಿಯಿತು.

"ನಮ್ಮಮ್ಮನ ಕಾಲ್ಗೆ ಅವರ ಮಾಲಾ?" ಎಂದ. "ನಾಳೆ ಸೆಕ್ಷನ್ನಾಗೆ ನಾನು ತಲೆ ಎತ್ಕೊಂಡು ನಿಂತ್ಕಳದು ಹೆಂಗೆ?"

ಹೊಸ ಮಾದರಿಯ ಮಂಡಿ ಬರುತ್ತಿದೆಯಂತೆ, ಅದು ಬಂದ ಮೇಲೆ ಕೆಲಸಗಾರರ ತಂದೆತಾಯಿಗೆ ಕಂಪನಿಯೇ ಪುಕ್ಕಟೆ ಕೊಡುತ್ತದಂತೆ, ಪೊಂಗಲ್ ಕಳೆದರೆ ಆಯಿತಂತೆ ಎಂದು ಒಂದಲ್ಲ ಎರಡಲ್ಲ, ಹತ್ತು ಅಂತೆಗಳನ್ನು ಹೇಳಿದ. ಆದಿಲಕ್ಷ್ಮಮ್ಮನಿಗೆ ಹಿಗ್ಗೋ ಹಿಗ್ಗು. ಮಗ ಉಜ್ಜಿದ್ದನ್ನು ಬಿಟ್ಟು ಕಂಡವರದ್ದು ಯಾಕೆ ಎಂದು ಅವಳೂ ಕೂತಳು. ನಡೆಯುವ ಕಾಲು ಬೇಕೋ ಹೆಸರು ಬೇಕೋ ಎಂದು ಭಾಗ್ಯ ಒಂದು ಮಾತು ಕೇಳಿದ್ದಕ್ಕೆ ತಾಯಿಮಗ ಇಬ್ಬರೂ ಅವಳ ಮೇಲೆ ತಿರುಗಿಬಿದ್ದರು. ಚೀಲದಿಂದ ಸೀರೆಗಳನ್ನು ತೆಗೆದು ಮತ್ತೆ ಮಡಿಸಿಟ್ಟವಳೂ ಭಾಗ್ಯಳೇ.

ಪೊಂಗಲ್ ಹೋಯಿತು, ಇನ್ನೊಂದು ಪೊಂಗಲ್ಲೂ ಹೋಯಿತು. ಹೊಸ ಮಾದರಿ ಬರಲಿಲ್ಲ. ಈ ವರ್ಷ ಆಷಾಢ ಹಿಡಿಯುವ ಹೊತ್ತಿಗೆ ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತಿತು. ಆಮೇಲೆ ಕ್ಯಾಂಟೀನಿನ ಮೊಟ್ಟೆ ನಿಂತಿತು. ಆಮೇಲೆ ಎರಡನೇ ಶಿಫ್ಟೇ ನಿಂತಿತು. ಸುಬ್ರಮಣಿ ಬಿಸಿಲಿರುವಾಗಲೇ ಮನೆಗೆ ಬಂದು ಜಗಲಿಯ ಮೇಲೆ ಸುಮ್ಮನೆ ಕೂರತೊಡಗಿದ. ದುಡಿಯುವ ಗಂಡಸು ಬೆಳಕಿನಲ್ಲಿ ಮನೆಯಲ್ಲಿದ್ದರೆ ಬೀದಿಯ ಹೆಂಗಸರು ಕಾರಣ ಕೇಳದೆ ಬಿಡುತ್ತಾರೆಯೇ? ಭಾಗ್ಯ ಕಾರ್ಖಾನೆಯಲ್ಲಿ ಕೆಲಸದ ಲೋಡ್ ಕಮ್ಮಿಯಂತೆ ಎಂದು ಹೇಳಿ ಒಳಗೆ ಬರುತ್ತಿದ್ದಳು.

ಒಂದು ಸಂಜೆ ಹುರುಳಿ ಸಾರು, ಮುದ್ದೆ ಬಡಿಸಿದ್ದಳು. ಶಶಿ ಮೊಬೈಲ್ ಫೋನ್ ತಯಾರಿಸುವ ಕಾರ್ಖಾನೆಯ ಹುಡುಗಿ, ಇಪ್ಪತ್ತು ದಾಟಿದವಳು, ಅಪ್ಪನ ಬಾಯಿ ಮಗಳಿಗೂ ಬಂದಿತ್ತು. ಜೊತೆಯ ಹುಡುಗಿಯ ತಂದೆಗೆ ಬೆಂಗಳೂರಿನಲ್ಲಿ ರೋಬೋ ಇಟ್ಟುಕೊಂಡು ಮಂಡಿ ಹಾಕಿದ ಸುದ್ದಿ ತೆಗೆದಳು.

"ರೋಬೋ ಆದ್ರೇನು, ಅದಕ್ಕೂ ಮಾಲು ಬೇಕಲ್ಲ," ಎಂದ ಸುಬ್ರಮಣಿ.

"ಮಿಷಿನ್ ಕೊಟ್ಟೋರ್ದೇ ಮಾಲು ಹಾಕ್ಬೇಕಂತಪ್ಪ. ಬೇರೆಯವ್ರ ಮಂಡಿ ಅದು ಮುಟ್ಟಲ್ವಂತೆ. ದೊಡ್ಡ ಆಸ್ಪತ್ರೆಗಳೆಲ್ಲ ಅದ್ನೇ ತರಿಸ್ಕೊಂಡವೆ."

"ಸಣ್ಣ ಆಸ್ಪತ್ರೆಗಳು ಅವೆಯಲ್ಲ."

"ಅವ್ರು ಕಮ್ಮಿ ರೇಟ್ನೋರ ಹತ್ರ ಹೋಗ್ತಾರೆ. ನಿಮ್ಮೋರು ಮೇಲೂ ಇಲ್ಲ, ಕೆಳಗೂ ಇಲ್ಲ. ನಡುವೆ ನಿಂತವ್ರೆ."

ಸುಬ್ರಮಣಿ ಮುದ್ದೆ ಮುರಿದವನು ಬಾಯಿಗಿಡಲಿಲ್ಲ. ಉಣ್ಣುವ ಹೊತ್ತಿನಲ್ಲಿ ಇದೇನು ನಿನ್ನ ವರದಿ ಎಂದು ಆದಿಲಕ್ಷ್ಮಮ್ಮ ಮೊಮ್ಮಗಳಿಗೆ ಗದರಿದಳು. ಸುಳ್ಳೇನಾದರೂ ಹೇಳಿದೆನಾ ಎಂದು ಶಶಿ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದೇ ಎಲ್ಲರಿಗೂ ಉರಿದದ್ದು.

ಆಯುಧಪೂಜೆಗೆ ಇನ್ನೇನು ವಾರವಿದೆ ಎನ್ನುವಾಗ ಮಂಡಿ ಮಾಡುವ ವಿಭಾಗವನ್ನೇ ಮುಚ್ಚುತ್ತೇವೆಂದು ಕಂಪನಿ ಕೆಲಸಗಾರರ ಸಭೆ ಕರೆದು ಹೇಳಿತು. ಆ ಸಭೆಯಲ್ಲಿ ಎದ್ದು ನಿಂತವನು ಯತಿರಾಜ್. ಮೂಳೆ ಅಳೆದು ಕೊಯ್ದು ಮಂಡಿ ಕೂರಿಸುವ ಹತಾರಗಳ ಪೆಟ್ಟಿಗೆಯನ್ನು, ಅವರ ಮಾತಿನಲ್ಲಿ ಸೆಟ್ಟನ್ನು, ಆಸ್ಪತ್ರೆಗಳಿಗೆ ಹೊತ್ತೊಯ್ಯುವುದು ಅವನ ಕೆಲಸ. ಒಂದೊಂದು ಕಂಪನಿಯ ಮಂಡಿಗೆ ಅದರದೇ ಸೆಟ್ಟು, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ವಿಭಾಗದ ಜೊತೆ ಸೆಟ್ಟುಗಳೂ ಲಾರಿ ಹತ್ತಿ ಹೋಗುವ ಮುಂಚೆ, ತಂದೆತಾಯಿಗೆ ಕೊಡುತ್ತೇವೆಂದಿದ್ದ ಮಂಡಿಯನ್ನಾದರೂ ಕೊಡಿ ಎಂದು ಅವನು ಕೇಳಿದ. ಮೇಲಿನವರಿಗೆ ನಾಚಿಕೆಯಾಯಿತೋ ಏನೋ, ಒಪ್ಪಿದರು.

ಎಲ್ಲ ಓಡಾಟ ಯತಿರಾಜನದೇ. ಹೊಸೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಈ ಮಂಡಿಯ ಅಭ್ಯಾಸವಿದ್ದ ಡಾಕ್ಟರನ್ನು ಹಿಡಿದ. ಹಬ್ಬ ಕಳೆದ ಮೂರನೇ ದಿನ ಎಡಗಾಲಿಗೆ ಆಪರೇಷನ್ ಎಂದು ನಿಶ್ಚಯವಾಯಿತು. ಎಕ್ಸ್‌ರೇ ನೋಡಿ ಹೇಳಿದ ಅಳತೆಯ ಎಡಗಾಲಿನ ತುಂಡು ಸ್ಟೋರಿನಲ್ಲಿ ಉಳಿದಿದ್ದುದು ಒಂದೇ ಒಂದು, ಅದೂ ಸುಬ್ರಮಣಿಯೇ ಉಜ್ಜಿದ್ದು. ಹಬ್ಬಕ್ಕೆ ಸ್ಟೋರಿಗೆ ಬೀಗ ಬೀಳುವುದರಿಂದ ಡಬ್ಬವನ್ನು ಈಗಲೇ ಮನೆಗೆ ಒಯ್ದುಬಿಡು, ಸೆಟ್ಟು ಮತ್ತು ಉಳಿದ ಭಾಗಗಳನ್ನು ನಾನು ತರುತ್ತೇನೆ ಎಂದ ಯತಿರಾಜ್.

ಕೆಲಸ ಹೋಗುವ ಮನೆಯಲ್ಲಿ ಆ ವಾರ ನಗು ಕೇಳಿಸಿತು ಎಂದರೆ ನಂಬುತ್ತೀರಾ? ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಹಾಗೆ ಆದಿಲಕ್ಷ್ಮಮ್ಮ ಹೊಸೂರು ಬೆಟ್ಟದ ದೇವಸ್ಥಾನದ ಮೆಟ್ಟಿಲು ಹತ್ತುವ ದಿನವನ್ನೂ ಗೊತ್ತುಮಾಡಿಕೊಂಡಳು. ಭಾಗ್ಯ ಗುಲಾಬಿ ಶೆಡ್ಡಿನ ಮೇಸ್ತ್ರಿಯನ್ನು ಕಂಡು ಬಂದಳು. ಕಾರ್ತೀಕ ಮುಗಿದ ಮೇಲೆ ಬಾಮ್ಮ, ನಿನ್ನ ಕೈ ನಮಗೆ ಗೊತ್ತಿಲ್ಲವಾ ಎಂದನಂತೆ. ಬಂದವಳೇ ಅಟ್ಟದಿಂದ ಡಬ್ಬಿ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಳು.

ಸುಬ್ರಮಣಿ ಡಬ್ಬ ತಂದು ಹೆಂಡತಿಯ ಕೈಗಿಟ್ಟು, ನೀರು ತಾಗಬಾರದು, ಇಲಿ ಮುಟ್ಟಬಾರದು, ಜೋಪಾನ ಎಂದ. ಅಷ್ಟೇ ಹೇಳಿದ್ದು. ಮನೆಯಲ್ಲಿ ಅತಿ ಜೋಪಾನದ ಜಾಗ ಯಾವುದು? ಭಾಗ್ಯ ಅದನ್ನು ದೇವರ ಕೋಣೆಯಲ್ಲಿ ಪಟದ ಕೆಳಗೆ ಇಟ್ಟಳು.

ಆಯುಧಪೂಜೆಯ ದಿನ ಕಾರ್ಖಾನೆಯೊಳಗೆ ಪೂಜೆ ಇಲ್ಲ ಎಂದಿದ್ದರು. ಪ್ರತಿ ವರ್ಷ ಪಾಲಿಶ್ ಚಕ್ರಕ್ಕೆ ಚೆಂಡುಹೂವಿನ ಹಾರ, ಬೂದುಗುಂಬಳಕಾಯಿ, ಆಳಿಗೊಂದು ಕಡ್ಲೆಪುರಿ ಪೊಟ್ಟಣ, ಸಿಹಿ. ಈ ಸಲ ಬೀಗ. ಗೇಟಿನ ಹೊರಗಾದರೂ ಒಂದು ಕಾಯಿ ಒಡೆದು ಬರೋಣವೆಂದು ಕೆಲಸದವರೆಲ್ಲ ಮಾತಾಡಿಕೊಂಡು, ಸುಬ್ರಮಣಿ ಬೆಳಗ್ಗೆಯೇ ಹೊರಟುಹೋದ. ಶಶಿಗೆ ಹಬ್ಬದಲ್ಲೂ ಶಿಫ್ಟು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಭಾಗ್ಯ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಈಳಿಗೆಮಣೆ, ಕುಡುಗೋಲು, ಮಿಕ್ಸಿ ಎಲ್ಲವನ್ನೂ ಒರೆಸಿ ಸಾಲಾಗಿಟ್ಟು ಕುಂಕುಮ ಇಡುತ್ತಾ ಬಂದಳು. ಅತ್ತೆಯನ್ನು ಎತ್ತಿ ತಂದು ದೇವರ ಕೋಣೆಯ ಬಾಗಿಲಿಗೆ ಒರಗಿಸಿ ಕೂರಿಸಿದ್ದಳು. ಡಬ್ಬದ ಹತ್ತಿರ ಬಂದಾಗ ಅದರ ಮೇಲೊಂದು ಬೊಟ್ಟು ಇಡಲು ಹೋದಳು.

"ರಟ್ಟಿಗೆ ಇಟ್ರೆ ಏನಮ್ಮಿ ಬಂತು," ಎಂದಳು ಆದಿಲಕ್ಷ್ಮಮ್ಮ. "ಬಿಚ್ಚಿ ಇಡು."

"ಅವ್ರು ಬಂದ್ಬುಡ್ಲಿ ಅತ್ತೆ."

"ಅವನು ಬರೋ ಹೊತ್ಗೆ ರಾಹುಕಾಲ ಬತ್ತದೆ. ಮಿಕ್ಸಿ ತಂದಾಗ ಬಿಚ್ಚಿ ಇಟ್ಯೋ, ಡಬ್ಬಕ್ಕೆ ಇಟ್ಯೋ? ನನ್ನ ಕಾಲೊಳಿಕ್ಕೆ ಹೋಗೋದು, ನನ್ ಮಗ ಉಜ್ಜಿದ್ದು. ಅವನ ಕಾರ್ಖಾನೇಲಂತೂ ಪೂಜೆ ತಪ್ಪಿಸವ್ರೆ, ಇದಕ್ಕೂ ಬ್ಯಾಡ್ವಾ? ಒಂದ್ಸಲ ಕಣ್ಣಾರೆ ನೋಡ್ತೀನಿ."

ಭಾಗ್ಯಳಿಗೂ ಹೌದೆನಿಸಿತು. ಮೈಯೊಳಗೆ ಹೋಗುವ ವಸ್ತು, ಪೂಜೆ ಇಲ್ಲದೆ ಹೋದರೆ ಹೇಗೆ? ಹೋಗಿ ಇನ್ನೊಮ್ಮೆ ಕೈ ತೊಳೆದು ಬಂದಳು. ರಟ್ಟು ತೆರೆದಳು. ಒಳಗೆ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಅಂಟಿಸಿದ ಬಿಳಿ ಹಾಳೆ. ಅದನ್ನು ಕಿತ್ತರೆ ಒಳಗೆ ಇನ್ನೊಂದು ತಟ್ಟೆ, ಇನ್ನೊಂದು ಹಾಳೆ. ಎಷ್ಟು ಮುತುವರ್ಜಿಯಿಂದ ಮಾಡಿದ್ದಾರೆ ನೋಡಿ ಅತ್ತೆ ಎಂದು ಅದನ್ನೂ ಕಿತ್ತಳು.

ಏನು ಹೊಳಪು! ಭಾಗ್ಯಳ ಮುಖ ಅದರಲ್ಲಿ ಡೊಂಕಾಗಿ ಕಾಣಿಸಿತು. ಇಷ್ಟು ವರ್ಷ ಗಂಡನ ಉಗುರ ಸಂದಿಯ ಕಪ್ಪನ್ನು ಕಂಡಿದ್ದವಳು ಅವನ ಕೆಲಸವನ್ನು ಕಂಡದ್ದು ಇದೇ ಮೊದಲು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡು, ತಣ್ಣಗದೆ ಕಣಮ್ಮಿ ಎಂದು ಅತ್ತಳು. ಭಾಗ್ಯ ವೀಳ್ಯದೆಲೆಯ ಮೇಲೆ ಅದನ್ನಿಟ್ಟು, ಅರಿಶಿನ ಹಚ್ಚಿ, ಕುಂಕುಮವಿಟ್ಟು, ಮೇಲೊಂದು ಚೆಂಡುಹೂವಿಟ್ಟು ಊದುಬತ್ತಿ ಬೆಳಗಿದಳು. ಅತ್ತೆ ಸೊಸೆ ಹಾಗೆ ಒಟ್ಟಿಗೆ ಕೈಮುಗಿದು ಕೂತು ಎಷ್ಟು ಕಾಲವಾಗಿತ್ತೋ.

ಸುಬ್ರಮಣಿ ಹಣೆಗೆ ಕುಂಕುಮ, ಕೈಯಲ್ಲಿ ಕಡ್ಲೆಪುರಿ ಪೊಟ್ಟಣ ಹಿಡಿದು ಬಂದ. ದೇವರ ಕೋಣೆಯ ಕಡೆ ನೋಡಿದವನು ನಿಂತಲ್ಲೇ ನಿಂತ. ಪೊಟ್ಟಣ ಜಾರಿ ಪುರಿ ಹೊಸ್ತಿಲ ತುಂಬ ಚೆಲ್ಲಿತು.

"ಯಾರು ಬಿಚ್ಚಿದ್ದು?" ಎಂದ. ದನಿ ಏರಲಿಲ್ಲ.

ಭಾಗ್ಯ ಅತ್ತೆಯ ಮುಖ ನೋಡಿದಳು. ಆದಿಲಕ್ಷ್ಮಮ್ಮ ಸೆರಗಿನ ಅಂಚು ಹಿಡಿದು ಗೋಡೆಯ ಕಡೆ ತಿರುಗಿದ್ದಳು.

"ನಾನೇ," ಎಂದಳು ಭಾಗ್ಯ. "ಏನಾಯ್ತು? ತೊಳ್ದು ಮತ್ತೆ ಇಡ್ತೀನಿ. ಬೇಕಾರೆ ಕುದಿಯೋ ನೀರಿಗೆ ಹಾಕ್ತೀನಿ."

"ಕುದ್ಸೋಕೆ ಅದೇನು ಆಲೂಗಡ್ಡೇನಾ?" ಎಂದು ಅವನು ಹೊಸ್ತಿಲ ಮೇಲೆ ಪುರಿಯ ನಡುವೆಯೇ ಕುಸಿದು ಕೂತ. "ಆ ಹಾಳೆ ಕಿತ್ತ ಮೇಲೆ ಮುಗೀತು. ಅದನ್ನ ಆಪರೇಷನ್ ರೂಮ್ನಾಗೇ ಬಿಚ್ಚೋದು, ಹೊರಗಿನ ಗಾಳೀನೂ ತಾಗ್ಬಾರ್ದು. ಒಂದು ಕ್ರಿಮಿ ಹೋದ್ರೆ ಮೂಳೆ ಕೊಳೀತದೆ. ಇನ್ನು ಅದು ಬರೀ ಕಬ್ಬಿಣ."

"ಬಿಚ್ಬೇಡ ಅಂತ ಒಂದು ಮಾತು ಅಂದ್ರಾ ನೀವು?"

"ಇದೂ ಹೇಳ್ಬೇಕಾ? ನಮ್ಮ ಸೆಕ್ಷನ್ನಾಗೆ ಕಸ ಗುಡ್ಸೋಳಿಗೂ ಗೊತ್ತು."

"ನಿಮ್ಮ ಸೆಕ್ಷನ್ನಾಗೆ ಗೊತ್ತಿರ್ತದೆ. ನಾನು ಈ ಮನೇಲಿ ಕಸ ಗುಡ್ಸೋಳು."

ಭಾಗ್ಯ ಪೊರಕೆ ತಂದು ಚೆಲ್ಲಿದ ಪುರಿ ಗುಡಿಸತೊಡಗಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತನ್ನು ತಟ್ಟಿ ಕೆಡವಿದ್ದೂ ತನ್ನದೇ ಕೈ, ಅದೂ ಮಿಂದು ಮಡಿಯಾದ ಕೈ. ಮಾಡಿಟ್ಟ ಪಾಯಸವನ್ನು ಆ ದಿನ ಯಾರೂ ಮುಟ್ಟಲಿಲ್ಲ. ಶಿಫ್ಟ್ ಮುಗಿಸಿ ಬಂದ ಶಶಿ ಎಲ್ಲವನ್ನೂ ಕೇಳಿ, ಅಮ್ಮನೊಬ್ಬಳೇ ಯಾಕೆ ಬಿಚ್ಚುತ್ತಾಳೆ ಎಂದು ಅಜ್ಜಿಯನ್ನೇ ನೋಡಿದಳು. ಅಜ್ಜಿ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದಳು.

ಯತಿರಾಜ್ ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋಗಿ ಕೈಕಾಲು ಹಿಡಿದುಕೊಂಡ. ತೆರೆದ ಪ್ಯಾಕಿನದನ್ನು ನಾನು ಮುಟ್ಟುವುದಿಲ್ಲ, ನಾಳೆ ಕೀವು ತುಂಬಿ ಕಾಲನ್ನೇ ತೆಗೆಯಬೇಕಾದರೆ ಯಾರು ಹೊಣೆ ಎಂದರು ಡಾಕ್ಟರು. ಅವರು ಹೇಳಿದ್ದು ನ್ಯಾಯವೇ. ಯತಿರಾಜ್ ಸ್ಟೋರಿನವರನ್ನು ಬೇಡಿ ಬೀಗ ತೆಗೆಸಿ ಹುಡುಕಿದ. ಬಲಗಾಲಿನವು ಇದ್ದವು, ಚಿಕ್ಕ ಅಳತೆಯವು ಇದ್ದವು, ಬೇಕಾದ್ದು ಇರಲಿಲ್ಲ. ಅದೇ ವಾರ ಸೆಟ್ಟಿನ ಪೆಟ್ಟಿಗೆಗಳೆಲ್ಲ ಲಾರಿ ಹತ್ತಿ ಹೋದವು. ಸೆಟ್ಟು ಹೋದ ಮೇಲೆ ಆ ಕಂಪನಿಯ ಮಂಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸುಬ್ರಮಣಿ ಜೂಜುವಾಡಿಯ ಪಾರ್ಸೆಲ್ ಆಫೀಸಿನಲ್ಲಿ ಲಾರಿಗೆ ಮಾಲು ಏರಿಸುವ ಕೆಲಸಕ್ಕೆ ಸೇರಿದ. ಮನೆ ಶಶಿಯ ಸಂಬಳದ ಮೇಲೆ ನಿಂತಿತು. ಗತ್ತು ಯಾವತ್ತು ಇಳಿಯಿತೋ ಗೊತ್ತಿಲ್ಲ, ಒಂದು ದಿನ ಅವನೇ ವಿಮೆ ಕಾರ್ಡು ಹುಡುಕಿ ತೆಗೆದು, ಯಾರ ಮಂಡಿಯಾದರೂ ಆಗಲಿ, ಕೃಷ್ಣಗಿರಿಗೆ ಹೋಗೋಣ ಎಂದ. ಭಾಗ್ಯ ಮತ್ತೆ ಚೀಲ ತುಂಬಿದಳು. ಆದಿಲಕ್ಷ್ಮಮ್ಮ ಈ ಸಲ ಯಾವ ಕಂಪನಿಯದೆಂದೂ ಕೇಳದೆ ಆಟೋ ಹತ್ತಿದಳು.

ಕೃಷ್ಣಗಿರಿಯಲ್ಲಿ ಎದೆಯ ಪರೀಕ್ಷೆ ಮಾಡಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹಳೆಯ ಚೀಟಿಯನ್ನೂ ಹೊಸ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಹೃದಯ ಸೋತಿದೆ, ಮತ್ತಿನ ಮದ್ದು ಕೊಟ್ಟರೆ ಏಳುವುದು ಕಷ್ಟ, ಇನ್ನು ಆಪರೇಷನ್ ಬೇಡ ಎಂದು ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದಳು. ಕೊನೆಗೆ, "ಅಪ್ಪವೇ ವಂದಿರುಕ್ಕಲಾಮೇ," ಎಂದಳು. ಆಗಲೇ ಬರಬಹುದಿತ್ತಲ್ಲ ಎಂದು. ಬೈಗುಳವಲ್ಲ, ಮರುಕದ ಮಾತು. ಸುಬ್ರಮಣಿ ನೆಲ ನೋಡಿಕೊಂಡು ನಿಂತಿದ್ದ. ಬರುವಾಗ ದಾರಿಯುದ್ದಕ್ಕೂ ಅವನು ತಾಯಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಭಾಗ್ಯಳಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಅವರೆಕಾಯಿ ಕಾಲ ಬಂತು. ಗುಲಾಬಿ ಶೆಡ್ಡಿನವರು ಎರಡು ಸಲ ಹೇಳಿಕಳಿಸಿ ಸುಮ್ಮನಾದರು. ಭಾಗ್ಯ ಡಬ್ಬಿಗೆ ಅವರೆಬೀಜ ತುಂಬಿ ಅಡುಗೆಮನೆಯಲ್ಲಿಟ್ಟುಕೊಂಡಳು. ಲೋಹದ ತುಂಡು ದೇವರ ಕೋಣೆಯಲ್ಲೇ ಇತ್ತು. ಎಸೆಯಲು ಯಾರಿಗೂ ಕೈ ಬರಲಿಲ್ಲ. ಅರಿಶಿನ ಒಣಗಿ ಉದುರುತ್ತಿತ್ತು, ಹೊಳಪು ಮಾತ್ರ ಹಾಗೇ ಇತ್ತು.

ಒಂದು ಶುಕ್ರವಾರ ಅವರೆಕಾಳು ಹಿಸುಕುತ್ತಿದ್ದಾಗ ಅತ್ತೆ ಕರೆದಳು, ಹಿತ್ತಿಲಿಗೆ ಹೋಗಬೇಕಿತ್ತು. ಭಾಗ್ಯ ಕೈ ಒರೆಸಿಕೊಂಡು ಬಂದು ಎಂದಿನಂತೆ ಎಡಮಂಡಿ ಊರಿದಳು, ಅತ್ತೆಯ ಕೈ ಕುತ್ತಿಗೆಗೆ ಬಂತು, ಉಸಿರು ಹಿಡಿದು ಏಳಹೋದಳು. ಕಟಕ್ಕೆಂದು ಸದ್ದಾಯಿತು. ಕಣ್ಣು ಕತ್ತಲಿಟ್ಟು ಇಬ್ಬರೂ ಚಾಪೆಯ ಮೇಲೆ ಕೂತುಬಿಟ್ಟರು.

"ಯಾರ ಮಂಡೀದು ಸದ್ದು?" ಎಂದಳು ಆದಿಲಕ್ಷ್ಮಮ್ಮ.

"ನಿಮ್ದೇ ಅತ್ತೆ."

"ನಂದು ಸದ್ದು ಮಾಡೋದು ಬಿಟ್ಟು ಯಾವ ಕಾಲ ಆಯ್ತು." ಸೊಸೆಯ ಮುಖವನ್ನೇ ನೋಡಿದಳು. "ಎಡಗಾಲಾ?"

"ಹೂಂ. ದಸರಾಗಿಂತ ಮುಂಚೇನೂ ನೋಯ್ತಿತ್ತು."

ಮುದುಕಿ ಸೊಸೆಯ ಕುತ್ತಿಗೆಯಿಂದ ಕೈ ತೆಗೆದಳು. ಅವಸರವಿಲ್ಲ, ಆಮೇಲೆ ಹೋದರಾಯಿತು, ನೀನು ಹೋಗಿ ಕೆಲಸ ನೋಡಿಕೋ ಎಂದಳು. ಭಾಗ್ಯ ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಬಂದು ಕಾಳು ಹಿಸುಕತೊಡಗಿದಳು. ಒಳಗಿನಿಂದ ಅತ್ತೆ ಇನ್ನೊಂದು ಸಲ ಮಾತಾಡಿದಳು, ತನಗೇ ಹೇಳಿಕೊಂಡ ಹಾಗೆ.

"ಬಿಚ್ಚು ಅಂದೋಳು ನಾನು. ಅವನ ಮುಂದೆ ಬಾಯಿ ಬರ್ಲಿಲ್ಲ ಕಣಮ್ಮಿ."

ಭಾಗ್ಯ ಕೇಳಿಸಿಕೊಂಡಳು. ಅನ್ನ ಕುದಿಯುತ್ತಿತ್ತು, ಉರಿ ತಗ್ಗಿಸಿ ಬಸಿದಳು, ಸಾರಿಗೆ ಒಗ್ಗರಣೆ ಹಾಕಿದಳು. ಅತ್ತೆ ಮತ್ತೆ ಕರೆಯಲೇ ಇಲ್ಲವಲ್ಲ ಎಂದು ಬಂದು ನೋಡಿದರೆ ಚಾಪೆಯ ಅಂಚಿನಿಂದ ನೀರು ಬಾಗಿಲವರೆಗೆ ಹರಿದಿತ್ತು. ಒದ್ದೆಯಲ್ಲೇ ಮಲಗಿದ್ದ ಆದಿಲಕ್ಷ್ಮಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಭಾಗ್ಯ ಹಳೇ ಸೀರೆ ತಂದು ನೆಲ ಒರೆಸಿದಳು, ಚಾಪೆಯ ಪಕ್ಕ ಈ ಸಲ ಬಲಮಂಡಿ ಊರಿ ಕೂತಳು, ಮುದುಕಿಯ ಎರಡೂ ಕೈಗಳನ್ನು ತಾನೇ ಎತ್ತಿ ತನ್ನ ಕುತ್ತಿಗೆಗೆ ಹಾಕಿಕೊಂಡಳು.